ಈಥರ್ ಬಾಟಲಿಯ ಸಹವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬಡಗು ಭಾಗದ ಒಂದು ಹೈಯರ್ ಸೆಕೆಂಡರಿ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತನಾದವನು ನಾನು. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತ ಮಕ್ಕಳು ಪ್ಲಸ್ ವನ್‌ಗೆ ಬಂದ ಕೂಡಲೇ ಇಂಗ್ಲಿಷ್ ಲೇಬಲ್ಲಿನ ಬಾಟಲಿಗಳ ಎದುರು ನಿಲ್ಲುತ್ತಾರೆ. ಲ್ಯಾಬಿನಲ್ಲಿ ಮಾತು ಕನ್ನಡ, ಮಲಯಾಳ, ತುಳು ಮೂರರಲ್ಲೂ ನಡೆಯುತ್ತದೆ. ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಹಾಗಾಗಿ ಮಕ್ಕಳು, ಅವರ ಅಪ್ಪ ಅಮ್ಮ, ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು, ಲ್ಯಾಬ್ ಅಸಿಸ್ಟೆಂಟರು ನನ್ನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಎಲ್ಲವೂ ಒಂದೇ ದ್ರವದ ಬಗ್ಗೆ: ಡೈಈಥೈಲ್ ಈಥರ್, ನಮ್ಮ ಬಾಯಲ್ಲಿ ಬರೀ ಈಥರ್.

## ಶುರುವಿನ ಪ್ರಶ್ನೆಗಳು

ಮಾಷ್ಟ್ರೇ, ಹಿಂದಿನ ಕಾಲದಲ್ಲಿ ಆಪರೇಷನ್‌ಗೆ ಮೊದಲು ಮೂಸಲು ಕೊಡ್ತಿದ್ದ ಈಥರ್ ಇದೇಯಾ?

ಇದೇ. 1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ನಿನ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ಹಲ್ಲಿನ ಡಾಕ್ಟರು ಎಲ್ಲರ ಎದುರು ಇದನ್ನು ಕೊಟ್ಟು ತೋರಿಸಿದರು. ರೋಗಿಯ ಕುತ್ತಿಗೆಯ ಗಡ್ಡೆಗೆ ಕತ್ತಿ ತಾಗಿತು, ರೋಗಿ ಕೂಗಲಿಲ್ಲ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಗಳಲ್ಲಿ ಇದು ನಡೆಯಿತು. ಬೆಂಕಿ ಹತ್ತದ ಅರಿವಳಿಕೆಗಳು ಬಂದ ಮೇಲೆ ಹಿಂದೆ ಸರಿಯಿತು. ಆಪರೇಷನ್ ಕೋಣೆಯಲ್ಲಿ ಒಂದು ಕಿಡಿ ಹಾರಿದರೆ ಏನಾಗುತ್ತದೆ ಎಂದು ಯೋಚಿಸಿದರೆ ಕಾರಣ ಗೊತ್ತಾಗುತ್ತದೆ.

ಪ್ಲಸ್ ಟು ಪಾಠದಲ್ಲಿ ಬರುವುದೂ ಇದೇ. ಎಥನಾಲ್‌ಗೆ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಸೇರಿಸಿ 140 ಡಿಗ್ರಿಯಲ್ಲಿ ಕಾಯಿಸಿದರೆ ಈಥರ್, 170 ಡಿಗ್ರಿಗೆ ಏರಿಸಿದರೆ ಈಥೀನ್. ಇದನ್ನು ಪರೀಕ್ಷೆಗೆ ಬರೆಯಿರಿ, ಲ್ಯಾಬಿನಲ್ಲಿ ಮಾಡಿ ನೋಡಲು ಹೋಗಬೇಡಿ.

ಪೆಟ್ರೋಲಿಗಿಂತ ಜಾಸ್ತಿ ಅಪಾಯವಾ? ಪೆಟ್ರೋಲನ್ನು ನಾವು ಕ್ಯಾನಿನಲ್ಲೇ ತರ್ತೇವಲ್ಲ!

ಕ್ಯಾನಿನಲ್ಲಿ ತರುವುದೂ ತಪ್ಪೇ, ಅದು ಬೇರೆ ಜಗಳ. ಚಳಿಯಲ್ಲೂ ಬೆಂಕಿ ಹತ್ತುವ ವಿಷಯದಲ್ಲಿ ಎರಡೂ ಅಕ್ಕ ತಂಗಿಯರ ಹಾಗೆ. ಈಥರಿನ ಫ್ಲಾಶ್ ಪಾಯಿಂಟ್ ಮೈನಸ್ 45 ಡಿಗ್ರಿ. ಅಂದರೆ ಅಷ್ಟು ತಣ್ಣಗಿದ್ದರೂ ಬೆಂಕಿ ಹತ್ತುವಷ್ಟು ಆವಿ ಅದರ ಮೇಲೆ ಇರುತ್ತದೆ.

ಬೇರೆ ಎರಡು ವಿಷಯದಲ್ಲಿ ಈಥರ್ ಮುಂದಿದೆ. ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು 1.4ರಿಂದ 7.6 ಶೇಕಡಾ ಇದ್ದಾಗ ಮಾತ್ರ ಹತ್ತಿಕೊಳ್ಳುತ್ತದೆ. ಅದಕ್ಕಿಂತ ದಟ್ಟವಾದರೆ ಉರಿಯಲು ಗಾಳಿ ಸಾಲುವುದಿಲ್ಲ. ಈಥರಿಗೆ ಈ ಮಿತಿ 1.9ರಿಂದ 36 ಶೇಕಡಾ. ತೆಳ್ಳಗಿದ್ದರೂ ಹತ್ತುತ್ತದೆ, ದಟ್ಟವಾದರೂ ಹತ್ತುತ್ತದೆ. ಇನ್ನೊಂದು, ತಾನಾಗಿ ಹೊತ್ತಿಕೊಳ್ಳುವ ಬಿಸಿ. ಪೆಟ್ರೋಲಿಗೆ ಅದು 250 ಡಿಗ್ರಿ ದಾಟಬೇಕು. ಈಥರಿಗೆ 160ರಿಂದ 180 ಡಿಗ್ರಿ ಸಾಕು. ನಮ್ಮ ಮನೆಯ ಎಣ್ಣೆ ಬಾಣಲೆಯಲ್ಲಿ ಹಪ್ಪಳ ಕಾಯಿಸುವಾಗ ಇರುವಷ್ಟೇ ಬಿಸಿ ಅದು.

ಬೋಟನಿ ಲ್ಯಾಬಿನ ಪೆಟ್ರೋಲಿಯಂ ಈಥರ್ ಮತ್ತು ಇದು ಒಂದೇ ಅಲ್ವಾ? ಒಂದರ ಬದಲು ಒಂದು ಹಾಕಬಹುದಲ್ಲ?

ಹೆಸರು ಮಾತ್ರ ಒಂದು. ಎಲೆಯ ಬಣ್ಣ ಬೇರ್ಪಡಿಸುವ ಕ್ರೊಮಟೋಗ್ರಫಿಗೆ ಅಸಿಟೋನ್ ಜೊತೆ ಬೆರೆಸುವ ಪೆಟ್ರೋಲಿಯಂ ಈಥರ್ ನಿಜವಾಗಿ ಈಥರೇ ಅಲ್ಲ. ಅದು ಪೆಟ್ರೋಲಿನ ಜಾತಿಯ ಹೈಡ್ರೋಕಾರ್ಬನ್‌ಗಳ ಬೆರಕೆ. ಬಾಟಲಿಯ ಮೇಲೆ 40–60 ಅಥವಾ 60–80 ಎಂದು ಬರೆದಿರುತ್ತದಲ್ಲ, ಅದು ಅದರ ಕುದಿಯುವ ಬಿಸಿ. ಬೆಂಕಿಯ ವಿಷಯದಲ್ಲಿ ಅದನ್ನೂ ನಂಬುವ ಹಾಗಿಲ್ಲ. ಆದರೆ ಹಳತಾದ ಹಾಗೆ ಸಿಡಿಯುವ ಗುಣ, ಅದನ್ನು ಕೆಳಗೆ ಹೇಳುತ್ತೇನೆ, ಡೈಈಥೈಲ್ ಈಥರಿಗೆ ಇದೆ, ಪೆಟ್ರೋಲಿಯಂ ಈಥರಿಗೆ ಇಲ್ಲ. ಬದಲಿ ಹಾಕಬೇಡಿ. ಕಪಾಟಿನಲ್ಲಿ ಪಕ್ಕ ಪಕ್ಕ ಇಟ್ಟರೆ ಯಾರೋ ಒಬ್ಬರು ಅವಸರದಲ್ಲಿ ತಪ್ಪು ಬಾಟಲಿ ಎತ್ತಿಯೇ ಎತ್ತುತ್ತಾರೆ.

ಮಾರ್ಚ್ ತಿಂಗಳಲ್ಲಿ ಮುಚ್ಚಳ ತೆಗೆದ್ರೆ ‘ಪುಸ್’ ಅಂತದೆ. ಬಾಟಲಿ ಹಾಳಾಗಿದೆಯಾ?

ಬಾಟಲಿ ಸರಿ ಇದೆ, ಸೆಕೆ ಜಾಸ್ತಿಯಾಗಿದೆ. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 34–35 ಡಿಗ್ರಿ ಆಗುವುದು ಹೊಸತಲ್ಲ. ಶೀಟಿನ ಮಾಡಿನ ಕೆಳಗಿನ ಲ್ಯಾಬಾದರೆ ಇನ್ನೂ ಎರಡು ಡಿಗ್ರಿ ಸೇರಿಸಿ. ಅಂದರೆ ಕಪಾಟಿನಲ್ಲಿ ಸುಮ್ನೆ ಕೂತ ಬಾಟಲಿಯೊಳಗೆ ದ್ರವ ಕುದಿಯುವ ಅಂಚಿನಲ್ಲಿರುತ್ತದೆ, ಮುಚ್ಚಳದ ಕೆಳಗೆ ಒತ್ತಡ ತುಂಬಿರುತ್ತದೆ.

ಪುಸ್ತಕಗಳಲ್ಲಿ ‘ಕೋಣೆಯ ಉಷ್ಣತೆಯಲ್ಲಿ ದ್ರವ’ ಎಂದು ಬರೆಯುತ್ತಾರೆ. ಆ ಕೋಣೆ ಬೋಸ್ಟನ್ನಿನಲ್ಲೋ ಲಂಡನ್ನಿನಲ್ಲೋ ಇದ್ದಿರಬೇಕು. ಕುಂಬಳೆಯ ಕೋಣೆಯಲ್ಲಿ ಅದು ಅರ್ಧ ದ್ರವ, ಅರ್ಧ ಆವಿ. ಇದೊಂದು ಮಾತು ತಲೆಯಲ್ಲಿದ್ದರೆ ಮುಂದಿನ ಉತ್ತರಗಳು ಅರ್ಧ ನಿಮಗೇ ಹೊಳೆಯುತ್ತವೆ.

ಸೆಕೆಗಾಲದಲ್ಲಿ ಈಥರಿನ ಕೆಲಸ ಇದ್ದರೆ ಬೆಳಿಗ್ಗೆ ಮೊದಲ ಪಿರಿಯಡ್‌ನಲ್ಲೇ ಮುಗಿಸಿ. ತೆರೆಯುವ ಮೊದಲು ಬಾಟಲಿಯನ್ನು ತಣ್ಣೀರಿನ ಬಕೆಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಮುಖ ದೂರ ಇಟ್ಟು ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ.

ನಮ್ಮ ಮಗ ಆ ಲ್ಯಾಬಿಗೆ ಹೋಗ್ತಾನೆ. ಇದು ಎಂಡೋಸಲ್ಫಾನ್ ತರದ ವಿಷವಾ?

ಒಬ್ಬ ಅಮ್ಮ ಕೇಳಿದ ಪ್ರಶ್ನೆ ಇದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದನ್ನು ಕಂಡ ಊರಿನಲ್ಲಿ ‘ಕೆಮಿಕಲ್’ ಎಂದ ಕೂಡಲೇ ಎದೆ ಧಸಕ್ ಎನ್ನುವುದು ಸಹಜ. ಯಾರೂ ಅದನ್ನು ನೋಡಿ ನಗಬಾರದು.

ಆದರೆ ಇವೆರಡೂ ಬೇರೆ ಬೇರೆ ಜಾತಿ. ಎಂಡೋಸಲ್ಫಾನ್ ಮಣ್ಣಿನಲ್ಲಿ, ಮೈಯ ಕೊಬ್ಬಿನಲ್ಲಿ ಉಳಿಯುತ್ತದೆ. ಈಥರ್ ಹಾಗೆ ಉಳಿಯುವುದಿಲ್ಲ. ಉಸಿರಿನಲ್ಲಿ ಒಳಗೆ ಹೋದದ್ದು ಬಹುಪಾಲು ಉಸಿರಿನಲ್ಲೇ ಹೊರಗೆ ಬರುತ್ತದೆ. ಜಾಸ್ತಿ ಎಳೆದುಕೊಂಡರೆ ತಲೆ ತಿರುಗುತ್ತದೆ, ವಾಂತಿ ಬರುತ್ತದೆ, ನಿದ್ದೆ ಕವಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ತುಂಬಾ ಹೊತ್ತು ಆದರೆ ಪ್ರಜ್ಞೆಯೇ ಹೋಗಬಹುದು. ಇಡೀ ದಿನ ಕೆಲಸ ಮಾಡುವವರಿಗೆ ಗಾಳಿಯಲ್ಲಿ ದಶಲಕ್ಷಕ್ಕೆ 400 ಭಾಗ ಎಂಬುದು ಸಾಮಾನ್ಯವಾಗಿ ಹೇಳುವ ಮಿತಿ. ಮಗನ ವಿಷಯದಲ್ಲಿ ನೀವು ಹೆದರಬೇಕಾದದ್ದು ವಿಷಕ್ಕಲ್ಲ, ಬೆಂಕಿಗೆ. ಅವನ ಅಂಗಿ ಪಾಲಿಯೆಸ್ಟರಿನದೋ ಹತ್ತಿಯದೋ ಎಂದು ನೋಡಿ. ಲ್ಯಾಬ್ ಇರುವ ದಿನ ಹತ್ತಿಯದ್ದೇ ಹಾಕಿಸಿ.

## ಲ್ಯಾಬಿನೊಳಗೆ

ಸ್ಪಿರಿಟ್ ಲ್ಯಾಂಪ್ ಆ ಮೂಲೆಯಲ್ಲಿತ್ತು, ಈಥರ್ ಈ ಮೂಲೆಯಲ್ಲಿ. ಬೆಂಕಿ ಇಲ್ಲಿಗೆ ಹೇಗೆ ಬಂತು?

ಇದು ನನ್ನದೇ ಲ್ಯಾಬಿನಲ್ಲಿ ನಡೆದದ್ದು. ಪ್ರಶ್ನೆ ಕೇಳಿದವನು ಈಗ ಎರಡು ಮಕ್ಕಳ ಅಪ್ಪ.

ಒಂದು ಬೀಕರಿನಲ್ಲಿ ಸ್ವಲ್ಪ ಈಥರ್ ತೆರೆದೇ ಇತ್ತು. ದೀಪ ಉರಿಯುತ್ತಿದ್ದದ್ದು ಮೂರು ಬೆಂಚು ಆಚೆ. ಎಲ್ಲರೂ ‘ದೂರ ಇದೆಯಲ್ಲ’ ಎಂದುಕೊಂಡೆವು, ನಾನೂ ಸೇರಿ. ಒಮ್ಮೆಗೇ ನೆಲದ ಹತ್ತಿರ ನೀಲಿಯದೊಂದು ಗೆರೆ ಓಡಿ ಬಂದ ಹಾಗೆ ಕಂಡಿತು. ಮರುಕ್ಷಣ ಬೀಕರ್ ಉರಿಯುತ್ತಿತ್ತು. ಹುಡುಗನ ಕೈಯ ರೋಮ ಸುಟ್ಟಿತು, ಅಷ್ಟಕ್ಕೇ ಹೋಯಿತು.

ಕಾರಣ ಇದು. ಈಥರಿನ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ಮೇಲೆ ಹೋಗುವುದಿಲ್ಲ. ಬೆಂಚಿನ ಅಂಚಿನಿಂದ ಕೆಳಗಿಳಿದು, ಅಡಿಕೆ ತೋಟದ ಕಣಿಯಲ್ಲಿ ನೀರು ಹರಿದ ಹಾಗೆ, ನೆಲದಲ್ಲಿ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎಲ್ಲಿಯಾದರೂ ಬೆಂಕಿ ಸಿಕ್ಕಿದರೆ ಅಲ್ಲಿ ಹತ್ತಿಕೊಂಡು, ಬಂದ ದಾರಿಯಲ್ಲೇ ವಾಪಸು ಬಾಟಲಿಯ ತನಕ ಓಡುತ್ತದೆ. ಹಾಗಾಗಿ ಇಲ್ಲಿ ‘ದೂರ’ ಎಂಬುದಕ್ಕೆ ಅರ್ಥವೇ ಇಲ್ಲ. ಕೋಣೆಯಲ್ಲಿ ಈಥರ್ ತೆರೆದಿದ್ದರೆ ಆ ಕೋಣೆಯಲ್ಲಿ ಬೆಂಕಿ ಇರಬಾರದು. ನಡುವೆ ಬಾಗಿಲು ತೆರೆದಿದ್ದರೆ ಪಕ್ಕದ ಕೋಣೆಯಲ್ಲೂ ಇರಬಾರದು.

ಬಾಯಾರು, ಪಡ್ರೆ ಕಡೆಯ ಮಕ್ಕಳಿಗೆ ನಾನು ಸುರಂಗದ ಉದಾಹರಣೆ ಕೊಡುತ್ತಿದ್ದೆ. ನೀರಿಗೆ ಸುರಂಗ ತೋಡುವವರು ದೀಪ ಹಿಡಿದು ಒಳಗೆ ಹೋಗುತ್ತಾರೆ. ದೀಪ ನಂದಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಎಂದು ಹಿಂದೆ ಬರುತ್ತಾರೆ. ಮಣ್ಣಿನ ಕೆಲಸದಲ್ಲಿ ಅದು ಜಾಣತನ. ಇಲ್ಲಿ ಆ ಜಾಣತನ ತೋರಿಸಿದರೆ ದೀಪ ನಂದುವುದಿಲ್ಲ, ಕೋಣೆಯೇ ಹೊತ್ತುತ್ತದೆ. ಕರೆಂಟು ಹೋಗಿ ಕತ್ತಲಾದಾಗ ಕ್ಯಾಂಡಲ್ ಹಿಡಿದು ಕೆಮಿಕಲ್ ಕೋಣೆಗೆ ಹೋಗುವವರಿಗೂ ಇದೇ ಮಾತು.

ಬೆಂಕಿಯೇ ಬೇಡ, ಹಾಟ್‌ಪ್ಲೇಟಿನ ಮೇಲೆ ಇಟ್ಟು ಕಾಯಿಸಿದರೆ ಆಗದಾ?

ಆಗದು. ಹಾಟ್‌ಪ್ಲೇಟಿನ ತಟ್ಟೆ ಸುಲಭವಾಗಿ 200 ಡಿಗ್ರಿ ದಾಟುತ್ತದೆ. ಈಥರ್ ತಾನಾಗಿ ಹೊತ್ತಿಕೊಳ್ಳಲು ಬೇಕಾದದ್ದು ಅದಕ್ಕಿಂತ ಕಡಿಮೆ. ಕಿಡಿ ಬೇಕಿಲ್ಲ, ಕೆಂಪಗೆ ಕಾಯಬೇಕೆಂದೂ ಇಲ್ಲ. ತಟ್ಟೆಯ ಮೇಲೆ ಎರಡು ಹನಿ ಬಿದ್ದರೆ ಮುಗಿಯಿತು. ಮೇಲಿಂದ ಅದರ ಥರ್ಮೋಸ್ಟಾಟ್ ಆನ್ ಆಫ್ ಆಗುವಾಗಲೆಲ್ಲ ಒಳಗೆ ಸಣ್ಣ ಕಿಡಿ ಹಾರುತ್ತದೆ.

ಈಥರನ್ನು ಆವಿ ಮಾಡಲು ಬಿಸಿ ನೀರು ಸಾಕು. ಬೇರೆ ಕೋಣೆಯಲ್ಲಿ ನೀರು ಕಾಯಿಸಿ, ಒಲೆ ಆರಿಸಿ, ಪಾತ್ರೆಯನ್ನು ಇಲ್ಲಿಗೆ ತನ್ನಿ. 45–50 ಡಿಗ್ರಿ, ಕೈಗೆ ಚುರುಕ್ ಅನ್ನುವಷ್ಟು ಬಿಸಿ ಇದ್ದರೆ ಈಥರ್ ಕುಣಿದು ಕುದಿಯುತ್ತದೆ.

ಸೆಕೆ ಅಂತ ಸ್ಟಾಫ್ ರೂಮಿನ ಫ್ರಿಜ್ಜಿನಲ್ಲಿ ಇಟ್ಟಿದ್ದೇವೆ. ತಣ್ಣಗೆ ಇದ್ರೆ ಒಳ್ಳೆದಲ್ವಾ?

ದಯವಿಟ್ಟು ಈಗಲೇ ತೆಗೆಯಿರಿ. ನಾನು ಕೇಳಿದ ಪ್ರಶ್ನೆಗಳಲ್ಲಿ ನನಗೆ ಬೆವರು ತರಿಸಿದ್ದು ಇದು.

ಮನೆಯ ಫ್ರಿಜ್ಜಿನೊಳಗೆ ಬಲ್ಬು, ಬಾಗಿಲಿನ ಸ್ವಿಚ್ಚು, ಥರ್ಮೋಸ್ಟಾಟ್ ಇರುತ್ತವೆ. ಇವುಗಳಲ್ಲಿ ಸಣ್ಣ ಕಿಡಿ ಹುಟ್ಟುವುದು ಮಾಮೂಲು. ಹಾಲು, ಮೊಸರಿಗೆ ಅದರಿಂದ ಏನೂ ಆಗುವುದಿಲ್ಲ. ಈಥರಿಗೆ ಮಾತ್ರ 4 ಡಿಗ್ರಿ ಎಂದರೂ ಅದರ ಫ್ಲಾಶ್ ಪಾಯಿಂಟಿಗಿಂತ ಸುಮಾರು 50 ಡಿಗ್ರಿ ಮೇಲೆಯೇ. ಒಂದು ಲೆಕ್ಕ ಮಾಡಿ ನೋಡಿ. 165 ಲೀಟರಿನ ಫ್ರಿಜ್ಜಿನಲ್ಲಿ 1.9 ಶೇಕಡಾ ಎಂದರೆ 3 ಲೀಟರ್ ಚಿಲ್ಲರೆ ಆವಿ. ಅಷ್ಟು ಆವಿಗೆ ಬೇಕಾದ ಈಥರ್ ಸುಮಾರು 14 ಮಿಲಿ ಲೀಟರ್, ಮೂರು ಚಮಚಕ್ಕೂ ಕಡಿಮೆ. ಮುಚ್ಚಳ ಸ್ವಲ್ಪ ಸಡಿಲ ಇದ್ದರೆ ಒಂದು ರಾತ್ರಿಯಲ್ಲಿ ಆಗುವ ಕೆಲಸ. ಬಾಗಿಲು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ, ಒಳಗೆ ಆವಿ, ಆಮೇಲೊಂದು ಕಿಡಿ. ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ಫ್ರಿಜ್ಜಿನ ಬಾಗಿಲು ಹಾರಿಹೋದದ್ದು ಹೀಗೆಯೇ.

ಒಳಗೆ ಕಿಡಿ ಹುಟ್ಟದ ಹಾಗೆ ಮಾಡಿದ ಲ್ಯಾಬ್ ಫ್ರಿಜ್ಜುಗಳು ಬೇರೆಯೇ ಇವೆ. ಶಾಲೆಯ ಬಜೆಟ್ಟಿಗೆ ಅವು ಸಿಕ್ಕುವಂಥವಲ್ಲ.

ಹಾಗಾದ್ರೆ ಇಡುವುದೆಲ್ಲಿ?

ನೆಲಮಟ್ಟದ ಕಬ್ಬಿಣದ ಕಪಾಟಿನಲ್ಲಿ, ಬಿಸಿಲು ಬೀಳದ ಗೋಡೆಯ ಬದಿಗೆ. ದಪ್ಪ ಮುರಕಲ್ಲಿನ ಗೋಡೆಯ ಹಳೆ ಕೋಣೆ ಇದ್ದರೆ ಅದೇ ಒಳ್ಳೆಯದು, ಹೊಸ ಕಟ್ಟಡದ ಮೇಲಿನ ಮಹಡಿ ಬೇಡ. ಬಾಟಲಿ ಕಂದು ಬಣ್ಣದ್ದೇ ಇರಲಿ. ನೈಟ್ರಿಕ್ ಆಸಿಡ್, ಪೊಟ್ಯಾಸಿಯಂ ಪರ್ಮಾಂಗನೇಟ್, ಹೈಡ್ರೋಜನ್ ಪೆರಾಕ್ಸೈಡ್ ಅದೇ ಕಪಾಟಿನಲ್ಲಿ ಇರಬಾರದು. ಕೊಳ್ಳುವಾಗ ‘ದೊಡ್ಡದು ಅಗ್ಗ’ ಎಂದು ಎರಡೂವರೆ ಲೀಟರಿನದನ್ನು ತರಬೇಡಿ. ಒಂದು ವರ್ಷಕ್ಕೆ ಬೇಕಾದಷ್ಟೇ, ಸಿಕ್ಕಿದರೆ 100 ಮಿಲಿ ಲೀಟರಿನ ಬಾಟಲಿಗಳಲ್ಲಿ.

ಕಿಟಕಿ ತೆರೆದು ಫ್ಯಾನ್ ಹಾಕಿದ್ರೆ ಸಾಕಲ್ವಾ?

ಕಿಟಕಿ ತೆರೆಯುವುದು ಸರಿ. ಆದರೆ ಕಿಟಕಿ ಸೊಂಟದ ಮೇಲೆ ಇರುತ್ತದೆ, ಆವಿ ಪಾದದ ಹತ್ತಿರ ಇರುತ್ತದೆ. ಹಾಗಾಗಿ ಬಾಗಿಲೂ ತೆರೆದಿರಬೇಕು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು. ಮಳೆಗಾಲದಲ್ಲಿ ಇರಚಲು ಬರುತ್ತದೆ ಎಂದು ಎಲ್ಲ ಮುಚ್ಚಿ ಕೂತ ದಿನ ಈಥರ್ ತೆರೆಯಬೇಡಿ.

ಫ್ಯಾನನ್ನು ಮೊದಲೇ ಹಾಕಿಡಿ. ಆವಿ ತುಂಬಿದ ಮೇಲೆ ಸ್ವಿಚ್ಚು ಒತ್ತುವುದು ಬೆಂಕಿಕಡ್ಡಿ ಗೀರಿದ ಹಾಗೆಯೇ. ಹಳೆಯ ಮಾಡೆಲಿನ ಎಕ್ಸಾಸ್ಟ್ ಫ್ಯಾನಿನ ಮೋಟಾರಿನಲ್ಲೂ ಕಿಡಿ ಇರುತ್ತದೆ. ಫ್ಯೂಮ್ ಹುಡ್, ಅಂದರೆ ಆವಿಯನ್ನು ಹೊರಗೆ ಎಳೆಯುವ ಗಾಜಿನ ಗೂಡು, ಇದ್ದರೆ ಅದರೊಳಗೇ ಕೆಲಸ ಮಾಡಿ. ನಮ್ಮ ಎಷ್ಟೋ ಶಾಲೆಗಳಲ್ಲಿ ಫ್ಯೂಮ್ ಹುಡ್ ಎಂದರೆ ಹಳೆ ಉತ್ತರಪತ್ರಿಕೆ ತುಂಬಿಡುವ ಗಾಜಿನ ಕಪಾಟು. ಮೊದಲು ಅದನ್ನು ಖಾಲಿ ಮಾಡಿ.

ಗ್ಲೌಸ್, ಮಾಸ್ಕ್ ಹಾಕಿಕೊಂಡರೆ ಧೈರ್ಯವಾಗಿ ಮುಟ್ಟಬಹುದಾ?

ಕೊರೋನಾ ಕಾಲದ ಮಾಸ್ಕು ಆವಿಯನ್ನು ತಡೆಯುವುದಿಲ್ಲ. ತೆಳು ನೈಟ್ರೈಲ್ ಗ್ಲೌಸಿನೊಳಗೂ ಈಥರ್ ಬೇಗ ಇಳಿಯುತ್ತದೆ. ಒದ್ದೆಯಾದ ಕೂಡಲೇ ಬಿಚ್ಚಿ ಬದಲಿಸಿ. ಕನ್ನಡಕ ಮಾತ್ರ ಬೇಕೇ ಬೇಕು. ಈಥರ್ ಚರ್ಮದ ಎಣ್ಣೆಯನ್ನು ಎಳೆದುಬಿಡುತ್ತದೆ, ದಿನಾ ತಾಗಿದರೆ ಕೈ ಒಡೆಯುತ್ತದೆ.

ಸೆಪರೇಟಿಂಗ್ ಫನೆಲ್ ಅಲ್ಲಾಡಿಸ್ತಾ ಇದ್ದೆ, ಮುಚ್ಚಳ ಹಾರಿ ಮುಖಕ್ಕೆ ಬಂತು. ನಾನೇನು ತಪ್ಪು ಮಾಡಿದೆ?

ನಿಮ್ಮ ಅಂಗೈಯೇ ಒಲೆಯಾಯಿತು. ಮೈಯ ಬಿಸಿ 37 ಡಿಗ್ರಿ, ಈಥರ್ ಕುದಿಯುವುದು 34.6ರಲ್ಲಿ. ನೀರು ಮತ್ತು ಈಥರನ್ನು ಬೇರೆ ಮಾಡುವ ಆ ಫನೆಲನ್ನು ಹಿಡಿದು ಅಲ್ಲಾಡಿಸಿದರೆ ಒಳಗೆ ಒತ್ತಡ ಏರುತ್ತಲೇ ಹೋಗುತ್ತದೆ. ಆಸಿಡ್ ಇರುವ ದ್ರಾವಣಕ್ಕೆ ಸೋಡಿಯಂ ಬೈಕಾರ್ಬೊನೇಟ್ ಹಾಕಿದ್ದರೆ ಅದರ ಗ್ಯಾಸೂ ಸೇರುತ್ತದೆ.

ಮೊದಲು ಮುಚ್ಚಳ ಹಾಕದೆ ಫನೆಲನ್ನು ಸುಮ್ನೆ ಸುತ್ತಿಸಿ, ಬರುವ ಗ್ಯಾಸ್ ಬರಲಿ. ಆಮೇಲೆ ಮುಚ್ಚಳ ಹಾಕಿ, ಬೆರಳಿನಿಂದ ಒತ್ತಿ ಹಿಡಿದು, ತಲೆಕೆಳಗು ಮಾಡಿ, ಕೂಡಲೇ ಕೆಳಗಿನ ನಲ್ಲಿಯನ್ನು ತೆರೆಯಿರಿ. ‘ಸುಯ್’ ಎಂದು ಒತ್ತಡ ಹೋಗುತ್ತದೆ. ನಲ್ಲಿ ಮುಚ್ಚಿ ಎರಡು ಸಲ ಅಲ್ಲಾಡಿಸಿ, ಮತ್ತೆ ತೆರೆಯಿರಿ. ಸುಯ್ ಸದ್ದು ನಿಲ್ಲುವ ತನಕ ಹೀಗೆ. ನಲ್ಲಿಯ ಬಾಯಿ ಗೋಡೆಯ ಕಡೆ ಇರಲಿ, ಗೆಳೆಯನ ಕಡೆ ಅಲ್ಲ.

## ಎಡವಟ್ಟಾದಾಗ

ಅರ್ಧ ಲೀಟರಿನ ಬಾಟಲಿ ಕೈ ಜಾರಿ ಬಿತ್ತು. ಬಟ್ಟೆಯಲ್ಲಿ ಒರೆಸಿದರೆ ಸಾಕಾ?

ಒರೆಸಲು ನಿಲ್ಲಬೇಡಿ. ಅರ್ಧ ಲೀಟರ್ ಈಥರ್ ಪೂರ್ತಿ ಆವಿಯಾದರೆ ನಮ್ಮ ಹವೆಯಲ್ಲಿ ಸುಮಾರು 120 ಲೀಟರ್ ಆವಿ. ಅದು ಆರು ಘನ ಮೀಟರಿಗಿಂತ ಜಾಸ್ತಿ ಗಾಳಿಯನ್ನು ಹೊತ್ತಿಕೊಳ್ಳುವ ಹಾಗೆ ಮಾಡಬಲ್ಲದು. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಕೋಣೆಯಲ್ಲಿ ನಿಮ್ಮ ಸೊಂಟದ ತನಕ ಎಂದಿಟ್ಟುಕೊಳ್ಳಿ.

ಮೊದಲು ಉರಿಯುವ ದೀಪ ಕೈಗೆಟಕುವಲ್ಲಿ ಇದ್ದರೆ ಆರಿಸಿ, ಗ್ಯಾಸ್ ಬಂದ್ ಮಾಡಿ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಕಿಟಕಿ ತೆರೆದಿಡಿ. ಒಳಗಿನ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆಫ್ ಮಾಡಲೂ ಬೇಡ. ಮೈನ್ ಸ್ವಿಚ್ಚು ಲ್ಯಾಬಿನ ಹೊರಗಿದ್ದರೆ ಅಲ್ಲಿಂದ ತೆಗೆಯಿರಿ. ಫೋನನ್ನೂ ಹೊರಗೆ ಹೋಗಿಯೇ ತೆಗೆಯಿರಿ. ಗಾಳಿಗೆ ಎಲ್ಲ ಹೋದ ಮೇಲೆ, ಅರ್ಧ ಗಂಟೆ ಕಾದರೂ ನಷ್ಟವಿಲ್ಲ, ಗಾಜಿನ ಚೂರು ಹೆಕ್ಕಿ. ಚೆಲ್ಲಿದ್ದು ಹತ್ತು ಮಿಲಿ ಲೀಟರ್ ಮಾತ್ರ, ಹತ್ತಿರ ಬೆಂಕಿಯೂ ಇಲ್ಲ ಎಂದಾದರೆ ಒಣ ಮರಳು ಸುರಿದು, ಆ ಮರಳನ್ನು ಅಂಗಳಕ್ಕೆ ಕೊಂಡುಹೋಗಿ ಹರಡಿದರೆ ಆಯಿತು.

ಬೆಂಕಿ ಹತ್ತಿದ್ರೆ ನೀರು ಹಾಕಬಹುದಾ?

ಬೇಡ. ಈಥರ್ ನೀರಿಗಿಂತ ಹಗುರ. ಬಕೆಟ್ ನೀರು ಸುರಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಇಡೀ ಬೆಂಚಿಗೆ, ಅಲ್ಲಿಂದ ನೆಲಕ್ಕೆ ಹರಡುತ್ತದೆ.

ಬೀಕರಿನೊಳಗಿನ ಸಣ್ಣ ಬೆಂಕಿಯಾದರೆ ಒಂದು ವಾಚ್ ಗ್ಲಾಸನ್ನೋ ಟೈಲ್ಸಿನ ತುಂಡನ್ನೋ ಬದಿಯಿಂದ ಜಾರಿಸಿ ಮುಚ್ಚಿ. ಗಾಳಿ ಇಲ್ಲದೆ ಆರುತ್ತದೆ. ಬೀಕರನ್ನು ಎತ್ತಿ ಓಡಬೇಡಿ. ಹಾಗೆ ಓಡುವವರೇ ಜಾಸ್ತಿ ಸುಟ್ಟುಕೊಳ್ಳುವುದು. ಬೆಂಚಿನ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್ ಅಥವಾ ಡ್ರೈ ಪೌಡರಿನ ಸಿಲಿಂಡರ್. ಬಾಗಿಲಿಗೆ ಬೆನ್ನು ಮಾಡಿ ನಿಂತು, ಬೆಂಕಿಯ ಬುಡಕ್ಕೆ ಹೊಡೆಯಿರಿ. ಒಂದು ಸಿಲಿಂಡರಿನಲ್ಲಿ ಆರದಿದ್ದರೆ ಹೊರಗೆ ಬನ್ನಿ, 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ಅಂಗಿಗೆ ಹತ್ತಿದರೆ ಓಡಲು ಬಿಡಬೇಡಿ. ನೆಲಕ್ಕೆ ಮಲಗಿಸಿ ಹೊರಳಿಸಿ, ದಪ್ಪ ಕಂಬಳಿ ಹೊದೆಸಿ. ಇಲ್ಲಿ ಮಾತ್ರ ನೀರು ಧಾರಾಳ ಹಾಕಬಹುದು. ಸುಟ್ಟ ಜಾಗಕ್ಕೆ ನಲ್ಲಿಯ ನೀರನ್ನು 20 ನಿಮಿಷ ಬಿಡಿ. ತೆಂಗಿನೆಣ್ಣೆ, ಪೇಸ್ಟು, ಶಾಯಿ, ಅರಸಿನ ಯಾವುದೂ ಬೇಡ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ. 108ಕ್ಕೆ ಕರೆ ಮಾಡಿ.

ಹುಡುಗಿ ತಲೆ ತಿರುಗುತ್ತದೆ ಅಂದಳು. ತಣ್ಣೀರು ಹೊಡೆದು ಕೂರಿಸಿದರೆ ಸಾಕಲ್ಲ?

ಹೊರಗೆ ಗಾಳಿಗೆ ಕರೆದುಕೊಂಡು ಹೋಗಿ, ಒದ್ದೆಯಾದ ಬಟ್ಟೆ ಬದಲಿಸಿ. ಹೆಚ್ಚಿನವರು ಹತ್ತು ಹದಿನೈದು ನಿಮಿಷದಲ್ಲಿ ಸರಿಯಾಗುತ್ತಾರೆ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ, ಉಸಿರು ಸರಿ ಇಲ್ಲದಿದ್ದರೆ ಆಸ್ಪತ್ರೆಗೆ. ಕಣ್ಣಿಗೆ ಹಾರಿದ್ದರೆ 15 ನಿಮಿಷ ನೀರಿನಲ್ಲಿ ತೊಳೆಯಿರಿ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ.

## ಹಳೆ ಬಾಟಲಿ ಮತ್ತು ಒಳಗಿನ ಕೆಮಿಸ್ಟ್ರಿ

ಕಪಾಟು ಖಾಲಿ ಮಾಡುವಾಗ ಹತ್ತು ವರ್ಷದ ಹಿಂದಿನ ಈಥರ್ ಸಿಕ್ಕಿತು. ಮುಚ್ಚಳದ ಸುತ್ತ ಬಿಳಿ ಕಲ್ಲುಪ್ಪಿನ ಹಾಗೆ ಏನೋ ಇದೆ. ತೆರೆದು ನೋಡಲಾ?

ಮುಟ್ಟಬೇಡಿ. ಅಲ್ಲಾಡಿಸಬೇಡಿ. ಇನ್ನೊಂದು ಕಡೆ ಇಡಲೂ ಎತ್ತಬೇಡಿ.

ಈಥರ್ ಗಾಳಿಯ ಆಕ್ಸಿಜನ್ ಮತ್ತು ಬೆಳಕಿನ ಸಹವಾಸದಲ್ಲಿ ನಿಧಾನಕ್ಕೆ ಪೆರಾಕ್ಸೈಡ್ ಆಗುತ್ತದೆ. ಪೆರಾಕ್ಸೈಡ್ ಈಥರಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ವರ್ಷ ಕಳೆದ ಹಾಗೆ ಈಥರ್ ಮುಚ್ಚಳದ ಸಂದಿಯಲ್ಲಿ ಹಾರಿಹೋಗಿ, ತಳದಲ್ಲೂ ಮುಚ್ಚಳದ ತಿರುವಿನಲ್ಲೂ ಪೆರಾಕ್ಸೈಡ್ ಉಳಿಯುತ್ತದೆ. ಅದು ಒಣಗಿದ ಮೇಲೆ ತಿಕ್ಕಿದರೆ ಸಾಕು, ಸಿಡಿಯುತ್ತದೆ. ಜಾತ್ರೆಯ ಗರ್ನಾಲಿಗೆ ಬತ್ತಿಗಾದರೂ ಬೆಂಕಿ ಕೊಡಬೇಕು. ಇದಕ್ಕೆ ಮುಚ್ಚಳ ತಿರುಗಿಸಿದ ಉಜ್ಜು ಸಾಕು, ಅದೂ ನಿಮ್ಮ ಬೆರಳುಗಳ ನಡುವೆಯೇ.

ಕೋಣೆಗೆ ಬೀಗ ಹಾಕಿ, ಬಾಗಿಲಿಗೆ ಕನ್ನಡ ಮತ್ತು ಮಲಯಾಳ ಎರಡರಲ್ಲೂ ದೊಡ್ಡದಾಗಿ ಬರೆದು ಅಂಟಿಸಿ. ಪ್ರಿನ್ಸಿಪಾಲರಿಗೆ ಹೇಳಿ, ಅವರ ಮೂಲಕ ಅಗ್ನಿಶಾಮಕ ದಳಕ್ಕೆ ತಿಳಿಸಿ. ಸ್ಫೋಟಕ ನಿಭಾಯಿಸಲು ಕಲಿತವರು ಬಂದು ತೆಗೆಯಬೇಕಾದ ವಸ್ತು ಅದು. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಮಾರಾಯ್ರೇ’ ಎನ್ನುವವರು ಒಬ್ಬರಾದರೂ ಸ್ಟಾಫ್ ರೂಮಿನಲ್ಲಿ ಇದ್ದೇ ಇರುತ್ತಾರೆ. ಕೀಲಿಕೈ ಅವರ ಹತ್ತಿರ ಕೊಡಬೇಡಿ.

ಹರಳೇನೂ ಕಾಣುವುದಿಲ್ಲ, ತೆರೆದು ಆರು ತಿಂಗಳಾಗಿದೆ ಅಷ್ಟೆ. ಪೆರಾಕ್ಸೈಡ್ ಇದೆಯಾ ಅಂತ ನೋಡುವುದು ಹೇಗೆ?

ಇದಕ್ಕೆ ಪರೀಕ್ಷೆ ಸುಲಭ. ಒಂದು ಟೆಸ್ಟ್ ಟ್ಯೂಬಿನಲ್ಲಿ 1 ಮಿಲಿ ಲೀಟರ್ ಗ್ಲೇಷಿಯಲ್ ಅಸಿಟಿಕ್ ಆಸಿಡ್ ಹಾಕಿ, ಅದಕ್ಕೆ 0.1 ಗ್ರಾಂನಷ್ಟು ಪೊಟ್ಯಾಸಿಯಂ ಅಯೋಡೈಡ್ ಹಾಕಿ. 1 ಮಿಲಿ ಲೀಟರ್ ಈಥರ್ ಸೇರಿಸಿ ಮೆಲ್ಲ ಅಲ್ಲಾಡಿಸಿ. ಪಕ್ಕದಲ್ಲಿ ಈಥರ್ ಹಾಕದ ಇನ್ನೊಂದು ಟ್ಯೂಬ್ ಇರಲಿ, ಬಣ್ಣ ಹೋಲಿಸಲು. ಪೆರಾಕ್ಸೈಡ್ ಇದ್ದರೆ ಅಯೋಡೈಡಿನಿಂದ ಅಯೋಡಿನ್ ಬಿಡುಗಡೆ ಆಗುತ್ತದೆ. ತೆಳು ಹಳದಿ ಎಂದರೆ ಸ್ವಲ್ಪ ಇದೆ. ಕಂದು ಎಂದರೆ ಜಾಸ್ತಿ ಇದೆ, ಆ ಬಾಟಲಿಯ ಕೆಲಸ ಮುಗಿಯಿತು. ಅಳತೆಯೇ ಬೇಕಿದ್ದರೆ ಇದಕ್ಕೆಂದೇ ಅದ್ದಿ ನೋಡುವ ಕಾಗದದ ಪಟ್ಟಿಗಳು ಸಿಗುತ್ತವೆ, ದಶಲಕ್ಷಕ್ಕೆ 100 ಭಾಗ ದಾಟಿದರೆ ಬಳಸಬಾರದು ಎಂಬುದು ರೂಢಿ.

ತಂದ ದಿನ ಮತ್ತು ತೆರೆದ ದಿನವನ್ನು ಬಾಟಲಿಯ ಮೇಲೆಯೇ ಬರೆಯಿರಿ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ. ತಂದ ದಿನವೇ ಗೊತ್ತಿಲ್ಲದ ಹಳೆ ಬಾಟಲಿಗೆ ಈ ಪರೀಕ್ಷೆಯನ್ನೂ ಮಾಡಬೇಡಿ. ಪರೀಕ್ಷೆ ಮಾಡಲು ಮುಚ್ಚಳ ತೆರೆಯಬೇಕಲ್ಲ!

ಲೇಬಲ್ಲಿನಲ್ಲಿ ‘ಬಿಎಚ್‌ಟಿ ಸೇರಿಸಿದೆ’ ಅಂತ ಇದೆ. ಹಾಗಾದ್ರೆ ಪೆರಾಕ್ಸೈಡ್ ಆಗುವುದೇ ಇಲ್ಲ ಅಲ್ವಾ?

ತಡವಾಗಿ ಆಗುತ್ತದೆ, ಆಗದೇ ಇರುವುದಿಲ್ಲ. ಬಿಎಚ್‌ಟಿ ಎಂದರೆ ಪೆರಾಕ್ಸೈಡ್ ಆಗುವುದನ್ನು ತಡೆಯಲು ಚೂರು ಸೇರಿಸುವ ವಸ್ತು. ಪೆರಾಕ್ಸೈಡ್ ಆಗುವ ಸರಪಳಿ ಕ್ರಿಯೆಯನ್ನು ಮಧ್ಯದಲ್ಲಿ ತುಂಡರಿಸುತ್ತಾ ಅದು ತಾನೇ ಖರ್ಚಾಗುತ್ತದೆ. ಇನ್ನೊಂದು ಮಾತು, ಈಥರನ್ನು ಬಟ್ಟಿ ಇಳಿಸಿದರೆ ಬಿಎಚ್‌ಟಿ ಫ್ಲಾಸ್ಕಿನಲ್ಲೇ ಉಳಿಯುತ್ತದೆ. ಹೊಸದಾಗಿ ಇಳಿಸಿದ ‘ಶುದ್ಧ’ ಈಥರ್ ಅಂಗಡಿಯದ್ದಕ್ಕಿಂತ ಬೇಗ ಪೆರಾಕ್ಸೈಡ್ ಆಗುವುದು ಅದಕ್ಕೇ. ಬಟ್ಟಿ ಇಳಿಸುವಾಗ ಫ್ಲಾಸ್ಕನ್ನು ಪೂರ್ತಿ ಒಣಗಿಸಬಾರದು, ಹತ್ತನೇ ಒಂದು ಪಾಲಾದರೂ ತಳದಲ್ಲಿ ಬಿಡಬೇಕು. ಪೆರಾಕ್ಸೈಡ್ ಎಲ್ಲ ಅಲ್ಲೇ ಸೇರಿರುತ್ತದೆ, ಒಣಗುವ ಹೊತ್ತಿಗೇ ಸಿಡಿಯುತ್ತದೆ.

ದೊಡ್ಡ ಡಬ್ಬಿಯಿಂದ ಸಣ್ಣದಕ್ಕೆ ಸುರಿಯುವಾಗ ವಯರ್ ಕಟ್ಟಬೇಕು ಅಂತಾರೆ. ಯಾಕೆ?

ಈಥರ್ ಕರೆಂಟನ್ನು ಹರಿಯಲು ಬಿಡುವುದಿಲ್ಲ. ಸುರಿಯುವಾಗ ಉಜ್ಜಿ ಹುಟ್ಟಿದ ಚಾರ್ಜು ಹಾಗೆಯೇ ಕೂಡಿಕೊಂಡು, ಎರಡು ಲೋಹದ ಬಾಯಿಗಳ ನಡುವೆ ಕಿಡಿಯಾಗಿ ಹಾರಬಹುದು. ಎರಡನ್ನೂ ತಾಮ್ರದ ವಯರಿನಲ್ಲಿ ಸೇರಿಸಿ, ಒಂದನ್ನು ಅರ್ತ್ ಮಾಡಿದರೆ ಚಾರ್ಜು ಇಳಿದುಹೋಗುತ್ತದೆ. ಪ್ಲಾಸ್ಟಿಕ್ ಕ್ಯಾನಿಗೆ ಸುರಿಯಬೇಡಿ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಈ ಕಿಡಿ ಕಡಿಮೆ. ಡಿಸೆಂಬರ್, ಜನವರಿಯ ಒಣ ಬೆಳಗಿನಲ್ಲಿ, ಅದರಲ್ಲೂ ಏಸಿ ಹಾಕಿದ ಲ್ಯಾಬಿನಲ್ಲಿ, ಜಾಸ್ತಿ.

ಉಳಿದ ಚೂರುಪಾರನ್ನು ಸಿಂಕಿಗೆ ಬಿಟ್ಟು ನೀರು ಹಾಕಿದರೆ ಹೋಗುತ್ತದಲ್ಲ?

ಹೋಗುವುದಿಲ್ಲ. 100 ಮಿಲಿ ಲೀಟರ್ ನೀರಿನಲ್ಲಿ ಕರಗುವುದು ಆರೇಳು ಗ್ರಾಂ. ಉಳಿದದ್ದು ಪೈಪಿನ ಬಾಗಿನಲ್ಲಿ ನೀರಿನ ಮೇಲೆ ತೇಲುತ್ತಾ ಆವಿಯಾಗುತ್ತದೆ. ಆವಿ ಪೈಪಿನಲ್ಲೇ ಹರಿದು ಪಕ್ಕದ ಸಿಂಕಿನ ಬಾಯಲ್ಲಿ ಮೇಲೆ ಬರುತ್ತದೆ, ಅಲ್ಲಿ ಯಾರೋ ಬರ್ನರ್ ಹಚ್ಚುತ್ತಾರೆ. ಹಿತ್ತಿಲಿಗೆ ಚೆಲ್ಲುವುದೂ ಬೇಡ. ಶಾಲೆಯ ಬಾವಿ, ಪಕ್ಕದ ಮನೆಯ ಸುರಂಗ ಯಾವುದೂ ದೂರ ಇರುವುದಿಲ್ಲ. ಕ್ಲೋರಿನ್ ಇರುವ ದ್ರಾವಕಗಳನ್ನು ಬೆರೆಸದೆ, ಗಾಜಿನ ಬಾಟಲಿಯಲ್ಲಿ ಹೆಸರು ಮತ್ತು ದಿನ ಬರೆದು ಕೂಡಿಸಿಡಿ. ಲ್ಯಾಬಿನ ಬಳಸಿದ ದ್ರಾವಕಗಳನ್ನು ಒಯ್ಯುವ ವ್ಯವಸ್ಥೆ ಇರುವ ಹತ್ತಿರದ ಕಾಲೇಜಿನ ಮೂಲಕ ಕಳಿಸಿ. ತುಂಬ ದಿನ ಕೂಡಿಸಿಟ್ಟರೆ ಅದೂ ಪೆರಾಕ್ಸೈಡ್ ಆಗುತ್ತದೆ ಎಂಬುದು ನೆನಪಿರಲಿ.

ಕೊನೆಗೆ ಕೇಳ್ತೇನೆ ಮಾಷ್ಟ್ರೇ, ಪ್ಲಸ್ ಟು ಲ್ಯಾಬಿಗೆ ಈಥರ್ ಬೇಕೇ ಬೇಕಾ?

ನನ್ನ ಅಭಿಪ್ರಾಯ ಕೇಳಿದರೆ, ಹೆಚ್ಚಿನ ಕೆಲಸಕ್ಕೆ ಬೇಡ. ನೀರಿನಿಂದ ಸಾವಯವ ವಸ್ತುವನ್ನು ಎಳೆದು ತೆಗೆಯುವ ಪ್ರಯೋಗಕ್ಕೆ ಈಥೈಲ್ ಅಸಿಟೇಟ್ ನಡೆಯುತ್ತದೆ. ಅದೂ ಸುಲಭವಾಗಿ ಉರಿಯುವಂಥದ್ದೇ, ಫ್ಲಾಶ್ ಪಾಯಿಂಟ್ ಮೈನಸ್ 4 ಡಿಗ್ರಿ. ಆದರೆ ಕುದಿಯುವುದು 77ರಲ್ಲಿ, ಹಾಗಾಗಿ ನಮ್ಮ ಮಾರ್ಚ್ ತಿಂಗಳಲ್ಲೂ ಬಾಟಲಿಯೊಳಗೆ ತೆಪ್ಪಗಿರುತ್ತದೆ. ಪೆರಾಕ್ಸೈಡಿನ ಕಾಟವೂ ಇಲ್ಲ. ಕಾಲೇಜಿನವರಿಗೆ ಈಥರ್ ಜಾತಿಯದ್ದೇ ಬೇಕೆಂದಾದರೆ ಮೀಥೈಲ್ ಟರ್ಷರಿ ಬ್ಯೂಟೈಲ್ ಈಥರ್ ಇದೆ. 55 ಡಿಗ್ರಿಯಲ್ಲಿ ಕುದಿಯುತ್ತದೆ, ಪೆರಾಕ್ಸೈಡ್ ಆಗುವುದು ತೀರಾ ಕಡಿಮೆ. ಗ್ರಿನ್ಯಾರ್ಡ್ ಪ್ರಯೋಗದಂಥ ಕೆಲವಕ್ಕೆ ಮಾತ್ರ ಈಥರ್ ತನ್ನ ಜಾಗ ಬಿಟ್ಟುಕೊಟ್ಟಿಲ್ಲ, ಅದು ಶಾಲೆಯ ಲ್ಯಾಬಿನ ಕೆಲಸವೂ ಅಲ್ಲ.

ಆ ನೀಲಿ ಗೆರೆ ಓಡಿದ ಮರುವರ್ಷ ಕೊಳ್ಳುವ ಪಟ್ಟಿ ಬರೆಯುವಾಗ ಈಥರಿನ ಸಾಲನ್ನು ನಾನೇ ಹೊಡೆದು ಹಾಕಿದೆ. ನಿವೃತ್ತನಾಗುವ ತನಕ ಯಾರೂ ಅದು ಎಲ್ಲಿ ಹೋಯಿತು ಎಂದು ಕೇಳಲಿಲ್ಲ.